ಶೇ 5 ಎಂಬ ಸಮಾಧಾನ, ಉಕ್ಕಿನ ಬೇರೆಯೇ ಲೆಕ್ಕ

ಅಡುಗೆಮನೆಗೆ ಬರುವ ಕೊಳವೆ ಅನಿಲಕ್ಕೆ ಹೈಡ್ರೋಜನ್ ಬೆರೆಸುವ ಪ್ರಯೋಗ ನಮ್ಮಲ್ಲಿ ಹೆಚ್ಚು ಸದ್ದಿಲ್ಲದೆ ಶುರುವಾಗಿದೆ. 2022ರ ಜನವರಿಯಲ್ಲಿ ಗೇಲ್ ಕಂಪನಿ ಇಂದೋರ್‌ನ ನಗರ ಅನಿಲ ಜಾಲಕ್ಕೆ ಶೇ 2ರಷ್ಟು ಹೈಡ್ರೋಜನ್ ಸೇರಿಸಿತು. ಮರುವರ್ಷ ಸೂರತ್ ಬಳಿಯ ಕವಾಸ್‌ನಲ್ಲಿ ಎನ್‌ಟಿಪಿಸಿ ತನ್ನ ವಸತಿ ಬಡಾವಣೆಯ ಮನೆಗಳಿಗೆ ಇಂಥದೇ ಮಿಶ್ರಣ ಪೂರೈಸಿತು. ಅದೇ ಹೊತ್ತಿಗೆ ಕೇಂದ್ರ ಸಂಪುಟ ₹19,744 ಕೋಟಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವುದು ಗುರಿ. ಇಷ್ಟನ್ನು ಸಾಗಿಸುವುದು ಹೇಗೆ ಎಂಬ ಮಾತು ಬಂದಾಗಲೆಲ್ಲ ಕಣ್ಣು ಹೋಗುವುದು ಈಗಾಗಲೇ ನೆಲದಡಿ ಇರುವ ಅನಿಲ ಕೊಳವೆಗಳ ಮೇಲೆ. ಬೆರೆಸುವುದು ಶೇ 5ರಷ್ಟೋ ಏನೋ, ಅಷ್ಟರಿಂದ ಏನಾದೀತು ಎಂಬ ಸಮಾಧಾನ ಬೇರೆ. ಈ ಶೇಕಡಾವಾರು ಲೆಕ್ಕ ಕಡತಕ್ಕೆ ಸರಿ, ಉಕ್ಕಿಗೆ ಅಲ್ಲ.

ಮೀಥೇನ್ ಅಣು ಕೊಳವೆಯ ಗೋಡೆಯೊಳಗೆ ಹೋಗಲಾರದು. ಹೈಡ್ರೋಜನ್ ಹೋಗುತ್ತದೆ. ಉಕ್ಕಿನ ಮೇಲ್ಮೈಯಲ್ಲಿ ಅದರ ಅಣು ಎರಡು ಪರಮಾಣುಗಳಾಗಿ ಒಡೆಯುತ್ತದೆ. ಒಂಟಿ ಪರಮಾಣು ಕಬ್ಬಿಣದ ಪರಮಾಣುಗಳ ಸಂದಿಗೊಂದಿಗಳಲ್ಲಿ ನುಸುಳಿ, ಆಚೆ ಬದಿಯಲ್ಲಿ ಮತ್ತೊಂದರ ಜೊತೆ ಸೇರಿ ಅನಿಲವಾಗಿ ಹೊರಬೀಳುತ್ತದೆ. ಹೀಗೆ ಒಡೆದೇ ಒಳಹೋಗಬೇಕಾದ್ದರಿಂದ ಲೋಹದಲ್ಲಿ ಕರಗುವ ಹೈಡ್ರೋಜನ್ ಅದರ ಒತ್ತಡದಷ್ಟೇ ಏರಿಳಿಯದೆ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಜರ್ಮನಿಯ ರಸಾಯನ ವಿಜ್ಞಾನಿ ಅಡೋಲ್ಫ್ ಸೀವರ್ಟ್ಸ್ ಅವರ ಹೆಸರಿನಲ್ಲಿರುವ ನಿಯಮ ಇದು.

ಕೊಳವೆಯಲ್ಲಿ ಶುದ್ಧ ಹೈಡ್ರೋಜನ್ ಇದ್ದಾಗ ಉಕ್ಕು ಹೀರಿಕೊಳ್ಳುವುದು 100 ಪಾಲು ಎಂದಿಟ್ಟುಕೊಳ್ಳಿ. ಅದೇ ಒತ್ತಡದಲ್ಲಿ ಶೇ 5ರ ಮಿಶ್ರಣ ಹರಿಸಿದರೆ ಅದು 5ಕ್ಕೆ ಇಳಿಯುವುದಿಲ್ಲ, 22ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಶೇ 1ಕ್ಕೆ ಇಳಿಸಿದರೂ 10 ಪಾಲು ಉಳಿದೇ ಇರುತ್ತದೆ. ಲಾಭದ ಕಡೆ ಬನ್ನಿ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಹೈಡ್ರೋಜನ್ ಕೊಡುವ ಶಾಖ ಮೀಥೇನ್‌ನ ಮೂರನೇ ಒಂದರಷ್ಟು. ಶೇ 5 ಬೆರೆಸಿದಾಗ ಒಲೆಯ ಶಾಖದಲ್ಲಿ ಅದರ ಪಾಲು ಶೇ 2ನ್ನೂ ಮುಟ್ಟುವುದಿಲ್ಲ. ಇಂಥ ವ್ಯಾಪಾರವನ್ನು ಯಾವ ಲೆಕ್ಕಿಗ ಒಪ್ಪುತ್ತಾನೋ ಗೊತ್ತಿಲ್ಲ.

ಬಡಾವಣೆಯ ಪ್ರಯೋಗ ಸುಸೂತ್ರವಾಗಿ ನಡೆದಿದೆಯಲ್ಲ ಎನ್ನಬಹುದು. ಮನೆಮನೆಗೆ ಹೋಗುವ ಪಾಲಿಎಥಿಲೀನ್ ಪೈಪಿನ ಸ್ವಭಾವವೇ ಬೇರೆ. ಅದರಲ್ಲಿ ಹೈಡ್ರೋಜನ್ ಒಡೆಯದೆ ಇಡೀ ಅಣುವಾಗಿಯೇ ಸಾಗುತ್ತದೆ. ಶೇ 5 ಎಂದರೆ ಅಲ್ಲಿ ನಿಜಕ್ಕೂ 5. ಮೀಥೇನ್‌ಗಿಂತ ಕೆಲವು ಪಟ್ಟು ಬೇಗ ಸೋಸಿಹೋದರೂ ನಷ್ಟ ಅಲ್ಪ, ಪೈಪಿನ ಗಟ್ಟಿತನಕ್ಕೂ ಧಕ್ಕೆಯಿಲ್ಲ. ಉಕ್ಕು ಉಕ್ಕಿನಲ್ಲೂ ಅಜಗಜಾಂತರವಿದೆ. ಕೋಣೆಯ ಉಷ್ಣತೆಯಲ್ಲಿ ಶುದ್ಧ ಕಬ್ಬಿಣದ ಒಂದು ಸೆಂಟಿಮೀಟರ್ ದಪ್ಪವನ್ನು ಹೈಡ್ರೋಜನ್ ಪರಮಾಣು ಗಂಟೆಯೊಳಗೆ ದಾಟಬಲ್ಲದು. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಒಂದೇ ಮಿಲಿಮೀಟರ್ ದಾಟಲು ವರ್ಷಗಳೇ ಬೇಕು. ಆದ್ದರಿಂದ ಬಡಾವಣೆಯ ಕಡಿಮೆ ಒತ್ತಡದ ಜಾಲದಲ್ಲಿ ಗೆದ್ದದ್ದು ದಾಭೋಲ್–ಬೆಂಗಳೂರು ಅಥವಾ ಕೊಚ್ಚಿ–ಮಂಗಳೂರಿನಂಥ ಹೆಚ್ಚಿನ ಒತ್ತಡದ ಉಕ್ಕಿನ ಮಾರ್ಗಗಳಿಗೆ ಪ್ರಮಾಣಪತ್ರವಾಗದು.

ಹಳೆಯ ಕೊಳವೆಗಳೆಲ್ಲ ಸಿಡಿದುಹೋಗುತ್ತವೆ ಎಂದು ಬೊಬ್ಬೆ ಹಾಕುವುದೂ ತಪ್ಪೇ. ಉಕ್ಕಿನ ಮೇಲಿರುವ ಆಕ್ಸೈಡ್ ಪೊರೆ ಹೈಡ್ರೋಜನ್ನನ್ನು ಬಹುಮಟ್ಟಿಗೆ ತಡೆಯುತ್ತದೆ. ಗೋಡೆ ದಾಟಿ ಸೋರಿಹೋಗುವ ಅನಿಲವಂತೂ ಲೆಕ್ಕಕ್ಕಿಲ್ಲ. ಅಮೆರಿಕದ ಗಲ್ಫ್ ಕರಾವಳಿಯಲ್ಲಿ ದಶಕಗಳಿಂದ ಹೈಡ್ರೋಜನ್ ಕೊಳವೆಗಳು ನಡೆಯುತ್ತಿವೆ. ಜರ್ಮನಿ 2024ರಲ್ಲಿ ಒಪ್ಪಿದ 9,040 ಕಿಲೊಮೀಟರ್ ಜಾಲದಲ್ಲಿ ಸುಮಾರು ಶೇ 60ರಷ್ಟು ಹಳೆಯ ಅನಿಲ ಮಾರ್ಗಗಳ ರೂಪಾಂತರವೇ. ಅಪಾಯ ಇರುವುದು ಬೆಸುಗೆಯ ಪಕ್ಕದ ಗಡುಸು ಜಾಗದಲ್ಲಿ, ಮೊದಲೇ ಇದ್ದ ಸಣ್ಣ ಬಿರುಕಿನ ತುದಿಯಲ್ಲಿ. ಒತ್ತಡ ದಿನವೂ ಏರಿಳಿದಾಗ ಆ ತುದಿಯಲ್ಲಿ ಹೊಸ ಲೋಹ ಪೊರೆಯಿಲ್ಲದೆ ತೆರೆದುಕೊಳ್ಳುತ್ತದೆ. ಅಲ್ಲಿ ಒಂದಿಷ್ಟು ಹೈಡ್ರೋಜನ್ ಸಿಕ್ಕರೂ ಬಿರುಕಿನ ಓಟ ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ.

ಬೆಸುಗೆಯ ಪಕ್ಕದ ಜಾಗ ಎಂದಾಗ ವಾಷಿಂಗ್ಟನ್ ರಾಜ್ಯದ ಆನಕಾರ್ಟಿಸ್ ನೆನಪಾಗಬೇಕು. 2010ರ ಏಪ್ರಿಲ್ 2ರ ಮಧ್ಯರಾತ್ರಿ ಕಳೆದ ಮೇಲೆ ಅಲ್ಲಿನ ಟೆಸೊರೊ ತೈಲ ಸಂಸ್ಕರಣಾಗಾರದಲ್ಲಿ ಸುಮಾರು 40 ವರ್ಷ ದುಡಿದಿದ್ದ ಶಾಖ ವಿನಿಮಯ ಪಾತ್ರೆಯೊಂದು ಬಿರಿಯಿತು. ಏಳು ಮಂದಿ ಸತ್ತರು. ಚಾಲೂ ಮಾಡುವಾಗ ಅಲ್ಲಿನ ಜೋಡಣೆಗಳು ಸೋರುವುದು ಮಾಮೂಲಾಗಿತ್ತು. ಅದನ್ನು ನಿಭಾಯಿಸಲೆಂದೇ ಹೆಚ್ಚುವರಿ ಜನ ಪಾತ್ರೆಯ ಬಳಿ ಇದ್ದರು. ಉಕ್ಕಿನೊಳಗೆ ನುಗ್ಗಿದ ಹೈಡ್ರೋಜನ್ ಅಲ್ಲಿನ ಇಂಗಾಲದ ಜೊತೆ ಸೇರಿ ಮೀಥೇನ್ ಆಗಿತ್ತು. ಮೀಥೇನ್‌ಗೆ ಹೊರಹೋಗಲು ದಾರಿಯಿಲ್ಲ. ಒಳಗೇ ಒತ್ತಡ ಕಟ್ಟಿ ಬೆಸುಗೆಯ ಅಂಚಿನಲ್ಲಿ ಸೀಳುಗಳು ಬೆಳೆದಿದ್ದವು. ಇದು ಹೆಚ್ಚಿನ ಉಷ್ಣತೆಯ ರೋಗ, ಅನಿಲ ಕೊಳವೆಗೆ ತಗಲುವಂಥದ್ದಲ್ಲ. ಆದರೂ ಪ್ರಸ್ತಾಪಿಸುವುದಕ್ಕೆ ಕಾರಣವಿದೆ. ಇಷ್ಟು ಉಷ್ಣತೆ, ಇಷ್ಟು ಒತ್ತಡದವರೆಗೆ ಸಾಮಾನ್ಯ ಉಕ್ಕು ಸುರಕ್ಷಿತ ಎಂದು ಇಡೀ ಉದ್ಯಮ ನಂಬಿದ್ದ ನೆಲ್ಸನ್ ರೇಖೆಯ ಕೆಳಗೇ ಆ ಪಾತ್ರೆ ಕೆಲಸ ಮಾಡುತ್ತಿತ್ತು ಎಂದು ತನಿಖಾ ಮಂಡಳಿ ಅಂದಾಜಿಸಿತು. ಆಮೇಲೆ ರೇಖೆಯನ್ನು ತಿದ್ದಿದರು. ನಮ್ಮಲ್ಲಿ ಈಗ ಶೇ 5 ಎಂಬುದು ಅಂಥದೇ ರೇಖೆಯಾಗುತ್ತಿದೆ.

ನನ್ನ ಮಟ್ಟಿಗೆ ಹಸಿರು ಹೈಡ್ರೋಜನ್ ಮೊದಲು ಹೋಗಬೇಕಾದ್ದು ಒಲೆಗಲ್ಲ. ಮಂಗಳೂರಿನದೂ ಸೇರಿ ದೇಶದ ತೈಲ ಸಂಸ್ಕರಣಾಗಾರಗಳು, ರಸಗೊಬ್ಬರ ಕಾರ್ಖಾನೆಗಳು ಬಹುಪಾಲು ನೈಸರ್ಗಿಕ ಅನಿಲ, ನಾಫ್ತಾದಿಂದ ತೆಗೆದ ಹೈಡ್ರೋಜನ್ನನ್ನೇ ಬಳಸುತ್ತಿವೆ. ಅವುಗಳ ಅಂಗಳದಲ್ಲೇ ತಯಾರಿಸಿ ಅಲ್ಲೇ ಬಳಸಿದರೆ ನೂರಾರು ಕಿಲೊಮೀಟರ್ ಕೊಳವೆಯ ಪ್ರಶ್ನೆಯೇ ಏಳದು.

ಅಷ್ಟಾಗಿಯೂ ಮುಖ್ಯ ಮಾರ್ಗಗಳಲ್ಲಿ ಬೆರೆಸುವುದಾದರೆ, ದೇಶಕ್ಕೆಲ್ಲ ಒಂದೇ ಮಿತಿ ಹೊರಡಿಸಿ ಕೈತೊಳೆದುಕೊಳ್ಳುವಂತಿಲ್ಲ. ಆಯಾ ಮಾರ್ಗದ ಉಕ್ಕಿನ ದರ್ಜೆ, ಬೆಸುಗೆಯ ಗಡಸುತನ, ದಿನದ ಒತ್ತಡದ ಏರಿಳಿತ ಇವಿಷ್ಟನ್ನು ನೋಡಿ ಅನುಮತಿ ಕೊಡಬೇಕು. ಉಕ್ಕಿನಲ್ಲಿ ಹೈಡ್ರೋಜನ್ ಎಷ್ಟು ವೇಗವಾಗಿ ಸಾಗುತ್ತದೆಂದು ಅಳೆಯುವ ದೇವನಾಥನ್–ಸ್ಟಾಖುರ್ಸ್ಕಿ ವಿಧಾನ 1962ರಿಂದಲೂ ಇದೆ. ತೆಳು ತಗಡಿನ ಒಂದು ಬದಿಯಲ್ಲಿ ಹೈಡ್ರೋಜನ್ ಹುಟ್ಟಿಸಿ, ಇನ್ನೊಂದು ಬದಿಗೆ ಬಂದದ್ದನ್ನು ವಿದ್ಯುತ್ ಪ್ರವಾಹವಾಗಿ ಎಣಿಸುತ್ತಾರೆ. ಅದರ ಜೊತೆಗೆ, ಮಿಶ್ರಣದ ಒತ್ತಡದಲ್ಲೇ ಬೆಸುಗೆಯ ತುಂಡುಗಳ ಬಿರುಕು ಪರೀಕ್ಷೆಯೂ ನಡೆಯಬೇಕು. ಎರಡರ ಫಲಿತಾಂಶವನ್ನೂ ಅನುಮತಿ ಪತ್ರದ ಜೊತೆ ಪ್ರಕಟಿಸುವಂತೆ ನಿಯಂತ್ರಣ ಮಂಡಳಿ ಕಡ್ಡಾಯ ಮಾಡಲಿ.