ಮೂವತ್ತು ಗಜದ ಲೆಕ್ಕ

1914ರ ಸೆಪ್ಟೆಂಬರ್. ಯುದ್ಧ ಶುರುವಾಗಿ ಒಂದು ತಿಂಗಳಾಗಿತ್ತಷ್ಟೇ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಅಲ್ಲಿನ ವಾಣಿಜ್ಯ ಮಂಡಳಿ ತನ್ನದೇ ಹೆಸರಲ್ಲಿ ಒಂದು ಬೆಟಾಲಿಯನ್ ಕಟ್ಟಲು ಹೊರಟಿತು. ಅದರ ಒಂದು ಕಂಪನಿ ತುಂಬಿದ್ದು ರಾಯಲ್ ಟೆಕ್ನಿಕಲ್ ಕಾಲೇಜಿನ ವಿದ್ಯಾರ್ಥಿಗಳಿಂದ. (ಕಂಪನಿ ಅಂದ ತಕ್ಷಣ ನಮಗೆ ಪ್ಲೇಸ್‌ಮೆಂಟ್ ನೆನಪಾಗೋದು ಸಹಜ. ಇದು ಇನ್ನೂರು ಚಿಲ್ಲರೆ ಸೈನಿಕರ ತುಕಡಿ.) ಇನ್ನೊಂದು ಕಂಪನಿ ನಗರದ ಶಾಲೆಗಳ ಹಳೇ ವಿದ್ಯಾರ್ಥಿಗಳದ್ದು. ಉಳಿದೆರಡರಲ್ಲಿ ಅಂಗಡಿ, ಆಫೀಸು, ವ್ಯಾಪಾರಿ ಸಂಸ್ಥೆಗಳ ಗುಮಾಸ್ತರು. ಸೈನ್ಯದ ದಾಖಲೆಯಲ್ಲಿ ಇದರ ಹೆಸರು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ 17ನೇ ಬೆಟಾಲಿಯನ್, ಚಿಕ್ಕದಾಗಿ 17ನೇ ಎಚ್‌ಎಲ್‌ಐ. ಹೆಸರಲ್ಲಿ ಹೈಲ್ಯಾಂಡ್ ಇದ್ದರೂ ಇವರು ಗುಡ್ಡಗಾಡಿನವರಲ್ಲ, ಅಪ್ಪಟ ಸಿಟಿ ಹುಡುಗರು. ಸ್ಕಾಟಿಷ್ ಸೈನಿಕ ಅಂದರೆ ಕಣ್ಮುಂದೆ ಬರೋ ಆ ಕಿಲ್ಟ್ ಕೂಡ ಇವರಿಗಿರಲಿಲ್ಲ, ಪ್ಯಾಂಟೇ.

ಈ ಬೆಟಾಲಿಯನ್ ಬಗ್ಗೆ ಬರೆಯೋಕೆ ನಮಗಿರೋ ಕಾರಣ ಬಹಳ ಸರಳ. ಅವರೂ ನಮ್ಮ ಹಾಗೇ ಟೆಕ್ನಿಕಲ್ ಕಾಲೇಜಿನವರು. ಯಂತ್ರ, ವಿದ್ಯುತ್ತು, ರಸಾಯನಶಾಸ್ತ್ರ ಓದುತ್ತಿದ್ದವರು. ಆದರೆ ಇಂಥವರ ಕಥೆ ಹೇಳುವಾಗಲೆಲ್ಲ ಜಗತ್ತು ಬಳಸೋದು ಒಂದೇ ಪದ: ಶೌರ್ಯ. ನಮ್ಮ ಹಾಸ್ಟೆಲಿನ ಲ್ಯಾಪ್‌ಟಾಪ್‌ಗಳಲ್ಲಿ ಓಡುವ ಯುದ್ಧದ ಸಿನಿಮಾಗಳೂ ಅದನ್ನೇ ಮಾಡುತ್ತವೆ. ಹಿನ್ನೆಲೆಯಲ್ಲಿ ಡೋಲು, ಎದುರಿಗೆ ಎದೆಯೊಡ್ಡಿ ನಿಂತವ. ಶೌರ್ಯ ಇರಲಿಲ್ಲ ಅಂತ ನಾವು ಹೇಳ್ತಿಲ್ಲ. ಅದರಿಂದ ಏನೂ ಅರ್ಥವಾಗೋದಿಲ್ಲ ಅನ್ನೋದಷ್ಟೇ ನಮ್ಮ ತಕರಾರು.

ಮೊದಲು ಸೇರಿಸಿಕೊಂಡ ರೀತಿ ನೋಡಿ. ಬ್ರಿಟನ್ನಿನಲ್ಲಿ ಆಗ ಕಡ್ಡಾಯ ಸೈನಿಕ ಸೇವೆ ಇರಲಿಲ್ಲ, ಅದು ಬಂದದ್ದು 1916ರಲ್ಲಿ. ಹಾಗಾಗಿ ಜನ ತಾವಾಗಿ ಬರಬೇಕು. ಬರುವ ಹಾಗೆ ಮಾಡಲು ಸರ್ಕಾರಕ್ಕೆ ಸಿಕ್ಕ ಉಪಾಯ ಗೆಳೆತನ. ‘ನಿಮ್ಮ ಸ್ನೇಹಿತರ ಜತೆ ಬನ್ನಿ, ಅವರ ಜತೆಯೇ ಇರುತ್ತೀರಿ’ ಅನ್ನೋ ಭರವಸೆ. ಗ್ಲಾಸ್ಗೋದ ಟ್ರಾಮ್ ವ್ಯವಸ್ಥೆಯ ಮುಖ್ಯಸ್ಥ ಜೇಮ್ಸ್ ಡಾಲ್ರಿಂಪಲ್ ತನ್ನ ಡ್ರೈವರ್, ಕಂಡಕ್ಟರ್‌ಗಳಿಂದ ಸುಮಾರು 1,100 ಜನರನ್ನು 16 ಗಂಟೆಯಲ್ಲಿ ಸೇರಿಸಿಬಿಟ್ಟ! ಅದು 15ನೇ ಎಚ್‌ಎಲ್‌ಐ. ಬಾಯ್ಸ್ ಬ್ರಿಗೇಡ್ ಅನ್ನೋ ಹುಡುಗರ ಸಂಘದವರದ್ದು 16ನೇದು. ಕಾಲೇಜು, ಆಫೀಸಿನವರದ್ದು 17ನೇದು. ಒಂದೇ ಊರಿನಿಂದ ಮೂರು ಬೆಟಾಲಿಯನ್.

ಇದನ್ನು ದೇಶಪ್ರೇಮದ ಅಲೆ ಅಂತ ಬರೆಯೋರು ಬಹಳ ಜನ. ನಮಗೆ ಇದು ಅದಕ್ಕಿಂತ ಪರಿಚಿತವಾಗಿ ಕಾಣುತ್ತೆ. ಇಡೀ ಬೆಂಚು ಎದ್ದು ಹೊರಟಾಗ ಒಬ್ಬನೇ ಕೂತಿರೋದು ಎಷ್ಟು ಕಷ್ಟ ಅಂತ ನಮಗೆ ಗೊತ್ತು. ಮಾಸ್ ಬಂಕ್‌ನಲ್ಲೇ ಆಗದ ಧೈರ್ಯ ಅಂಥ ಹೊತ್ತಲ್ಲಿ ಎಲ್ಲಿಂದ ಬರಬೇಕು? ಅವರನ್ನು ಕುರಿಗಳು ಅನ್ನೋದು ತಪ್ಪು. ಆದರೆ ಹೀಗೆ ಸೇರಿಸಿಕೊಂಡವರ ಬುದ್ಧಿವಂತಿಕೆಯನ್ನು ನಾವು ಮೆಚ್ಚಬೇಕಾಗಿಲ್ಲ. ಒಂದೇ ಬೀದಿಯ, ಒಂದೇ ಕ್ಲಾಸಿನ ಹುಡುಗರನ್ನು ಒಂದೇ ಕಂದಕದಲ್ಲಿ ನಿಲ್ಲಿಸಿದರೆ ಒಂದೇ ಬೆಳಿಗ್ಗೆ ಆ ಬೀದಿ ಖಾಲಿಯಾಗಬಹುದು ಅನ್ನೋದನ್ನು ಲೆಕ್ಕ ಹಾಕಲು ದೊಡ್ಡ ಗಣಿತ ಬೇಕಿರಲಿಲ್ಲ.

ಆ ಬೆಳಿಗ್ಗೆ ಬಂತು. ಟ್ರೂನ್‌ನಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ ತರಬೇತಿ ಮುಗಿಸಿ 1915ರ ನವೆಂಬರಿನಲ್ಲಿ ಫ್ರಾನ್ಸಿಗೆ ಇಳಿದ 17ನೇ ಬೆಟಾಲಿಯನ್, 1916ರ ಜುಲೈ 1ರಂದು ಸೊಮ್ ನದಿ ಸೀಮೆಯಲ್ಲಿ ದಾಳಿಗೆ ನಿಂತಿತ್ತು. ಅವರಿಗೆ ಎದುರಾಗಿ ಲೈಪ್‌ಜಿಗ್ ರೆಡೌಟ್ ಅನ್ನೋ ಜರ್ಮನ್ ನೆಲೆ. ಸುಣ್ಣಕಲ್ಲಿನ ಹಳೇ ಕ್ವಾರಿಯೊಂದನ್ನು ಸೇರಿಸಿಕೊಂಡು ಕಟ್ಟಿದ ಕೋಟೆ ಅನ್ನಬಹುದು. ಅದರ ಉತ್ತರಕ್ಕೆ ಥಿಯೆಪ್‌ವಾಲ್ ಹಳ್ಳಿ, ಅಲ್ಲಿಂದ ಇಡೀ ಇಳಿಜಾರಿನ ಮೇಲೆ ಕಣ್ಣಿಟ್ಟ ಮೆಷಿನ್ ಗನ್‌ಗಳು.

ಇಲ್ಲಿಂದ ಮುಂದೆ ಪೂರ್ತಿ ನಮ್ಮ ಸಬ್ಜೆಕ್ಟು. ದಾಳಿಗೆ ಮುಂಚೆ ಒಂದು ವಾರ ಬ್ರಿಟಿಷರು 15 ಲಕ್ಷಕ್ಕೂ ಹೆಚ್ಚು ಶೆಲ್‌ಗಳನ್ನು ಹಾರಿಸಿದರು. ಕೇಳೋಕೆ ಭಯಂಕರ. ಆದರೆ ಅದರಲ್ಲಿ ಬಹುಪಾಲು ಶ್ರಾಪ್‌ನೆಲ್, ಅಂದರೆ ಗಾಳಿಯಲ್ಲೇ ಒಡೆದು ಸೀಸದ ಗುಂಡುಗಳನ್ನು ಕೆಳಕ್ಕೆ ಚೆಲ್ಲುವಂಥದ್ದು. ಬಯಲಲ್ಲಿ ನಿಂತವನಿಗೆ ಅದು ಸಾವು. ಸುಣ್ಣಕಲ್ಲಿನಲ್ಲಿ 9 ಮೀಟರ್ ಆಳದ ನೆಲಮನೆಯಲ್ಲಿ ಕೂತವನಿಗೆ ಬರೀ ಸದ್ದು. ಮುಳ್ಳುತಂತಿ ಕತ್ತರಿಸಬೇಕಾದರೆ ಶ್ರಾಪ್‌ನೆಲ್ ಸರಿಯಾದ ಎತ್ತರದಲ್ಲೇ ಒಡೀಬೇಕು. ಮೇಲೆ ಒಡೆದರೆ ವ್ಯರ್ಥ, ನೆಲಕ್ಕೆ ಹೂತರೂ ವ್ಯರ್ಥ. ತಂತಿ ತಾಗಿದ ಕೂಡಲೇ ಸಿಡಿಯುವ 106ನೇ ನಂಬರಿನ ಫ್ಯೂಸ್ ಎಲ್ಲೆಡೆ ಬಳಕೆಗೆ ಬಂದದ್ದು 1917ರಲ್ಲಿ. ಅದರ ಮೇಲೆ ಎಷ್ಟೋ ಶೆಲ್‌ಗಳು ಸಿಡಿಯಲೇ ಇಲ್ಲ. ತರಾತುರಿಯಲ್ಲಿ ಉತ್ಪಾದನೆ ಹೆಚ್ಚಿಸಿದಾಗ ಕ್ವಾಲಿಟಿ ಕಂಟ್ರೋಲ್ ಏನಾಗುತ್ತೆ ಅಂತ ನಾವು ಒಂದು ಯೂನಿಟ್ಟು ಪೂರ್ತಿ ಓದಿದ್ದೀವಿ, ಅಲ್ವಾ?

ಹಾಗಾಗಿ ಎಲ್ಲ ನಿಂತದ್ದು ಒಂದು ಓಟದ ಮೇಲೆ. ತೋಪುಗಳು ಮುಂದಿನ ಗುರಿಗೆ ಸರಿದ ಕ್ಷಣದಿಂದ, ಜರ್ಮನ್ ಸೈನಿಕ ಮೆಟ್ಟಿಲು ಹತ್ತಿ ಮೆಷಿನ್ ಗನ್ ಹೂಡುವಷ್ಟರಲ್ಲಿ ಬ್ರಿಟಿಷ್ ಸೈನಿಕ ಅವನ ಕಂದಕ ಮುಟ್ಟಬೇಕು. ನಾವೇ ಒಂದು ಲೆಕ್ಕ ಹಾಕೋಣ. ನಡುವಿನ ಬಯಲು 200 ಮೀಟರ್ ಅಂತ ಇಟ್ಕೊಳ್ಳಿ. ಬೆನ್ನ ಮೇಲೆ ಸುಮಾರು 30 ಕಿಲೋ. ಗುಂಡಿ ಬಿದ್ದ ನೆಲದಲ್ಲಿ ಸೆಕೆಂಡಿಗೆ 1.2 ಮೀಟರ್ ನಡೆದರೆ ಎರಡೂವರೆ ನಿಮಿಷಕ್ಕೂ ಹೆಚ್ಚು ಬೇಕು. ಮೆಟ್ಟಿಲು ಹತ್ತೋಕೆ ಅಷ್ಟು ಬೇಡ. ಮುಗೀತು.

97ನೇ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ಜಾರ್ಡೀನ್‌ಗೆ ಈ ಲೆಕ್ಕ ಗೊತ್ತಿತ್ತು. ಹತ್ತು ವರ್ಷ ಹಿಂದೆ ರಷ್ಯಾ–ಜಪಾನ್ ಯುದ್ಧದಲ್ಲಿ ಆತ ಜಪಾನಿ ಸೈನ್ಯದ ಜತೆ ವೀಕ್ಷಕನಾಗಿದ್ದ. ಜಪಾನಿಗಳು ತಮ್ಮದೇ ತೋಪುಗಳ ಹೊಡೆತಕ್ಕೆ ತೀರಾ ಹತ್ತಿರ ಹೋಗಿ ಕಾಯುತ್ತಿದ್ದುದನ್ನು ಕಣ್ಣಾರೆ ನೋಡಿದ್ದ. ದಾಳಿಯ ಸಮಯ ಬೆಳಿಗ್ಗೆ 7:30. 17ನೇ ಬೆಟಾಲಿಯನ್ನಿನ ಮುಂದಿನ ಸಾಲುಗಳು 7:23ಕ್ಕೇ ಕಂದಕ ಬಿಟ್ಟವು. ಶೆಲ್‌ಗಳು ಇನ್ನೂ ಬೀಳುತ್ತಿದ್ದಾಗಲೇ ತೆವಳಿಕೊಂಡು ಶತ್ರು ಸಾಲಿಗೆ 30–40 ಗಜ ದೂರದವರೆಗೆ ಹೋಗಿ ಮಲಗಿದರು. (ಗಜ ಅಂದರೆ ಇಲ್ಲಿ ಯಾರ್ಡು, ಆನೆ ಅಲ್ಲ. ಆನೆ ಆಮೇಲೆ ಬರುತ್ತೆ.) 7:30ಕ್ಕೆ ತೋಪು ಸರಿದ ಕೂಡಲೇ ನುಗ್ಗಿದರು. ಜರ್ಮನ್ನರು ನೆಲಮನೆಯಿಂದ ಮೇಲೆ ಬರುವಷ್ಟರಲ್ಲಿ ಇವರು ಬಾಗಿಲಲ್ಲಿದ್ದರು.

ಅದೇ ಬ್ರಿಗೇಡು, ಅದೇ ಮುಖ್ಯಸ್ಥ, ಅದೇ ಊರಿನ ಹುಡುಗರು. ಎಡಗಡೆಗೆ 16ನೇ ಬೆಟಾಲಿಯನ್. ಅವರೆದುರು ತಂತಿ ಕತ್ತರಿಸಿರಲಿಲ್ಲ, ಥಿಯೆಪ್‌ವಾಲ್‌ನ ಮೆಷಿನ್ ಗನ್‌ಗಳು ಸುಮ್ಮನಾಗಿರಲಿಲ್ಲ. 500ಕ್ಕೂ ಹೆಚ್ಚು ಜನ ಸತ್ತರು ಅಥವಾ ಗಾಯಗೊಂಡರು. ಕೆಲವು ನೂರು ಮೀಟರ್ ಅಂತರದಲ್ಲಿ ಧೈರ್ಯದ ಪ್ರಮಾಣ ಬದಲಾಗಿಬಿಟ್ಟಿತು ಅಂತ ಯಾರಾದರೂ ವಾದಿಸುತ್ತಾರಾ? ಬದಲಾಗಿದ್ದು ತಂತಿ. ಬದಲಾಗಿದ್ದು ಗುಂಡು ಬರುವ ಕೋನ.

ಗೆದ್ದ 17ನೇದಕ್ಕೂ ಕ್ಷೇಮ ಇರಲಿಲ್ಲ. ರೆಡೌಟ್ ದಾಟಿ ಮುಂದಕ್ಕೆ ಹೋದಾಗ ತೆರೆದ ಇಳಿಜಾರಿನಲ್ಲಿ ಗುಂಡಿಗೆ ಸಿಕ್ಕರು. ಅಷ್ಟರಲ್ಲಿ ಬ್ರಿಟಿಷ್ ತೋಪುಗಳು ಮೊದಲೇ ಬರೆದಿಟ್ಟ ಟೈಮ್‌ಟೇಬಲ್ ಪ್ರಕಾರ ಎಲ್ಲೋ ದೂರ ಹೊಡೆಯುತ್ತಿದ್ದವು. ಕಾಲಾಳುಗಳು ಎಲ್ಲಿದ್ದಾರೆ ಅನ್ನೋದು ತೋಪಿನವರಿಗೆ ತಿಳಿಯುವ ದಾರಿಯೇ ಇಲ್ಲ. ನಮ್ಮ ಭಾಷೆಯಲ್ಲಿ ಓಪನ್ ಲೂಪ್, ಫೀಡ್‌ಬ್ಯಾಕ್ ಸೊನ್ನೆ. ಇಲ್ಲೂ ಜಾರ್ಡೀನ್ ಟೈಮ್‌ಟೇಬಲ್ ಮುರಿದ. ಎರಡು ಬ್ಯಾಟರಿ ತೋಪುಗಳನ್ನು ವಾಪಸ್ ತಿರುಗಿಸಿ ರೆಡೌಟಿನ ಹಿಂದಿನ ಜರ್ಮನ್ ಸಾಲಿನ ಮೇಲೆ ಹೊಡೆಸಿದ. ಆ ಮರೆಯಲ್ಲಿ ಮುಂದೆ ಹೋದವರು ಹಿಂದಕ್ಕೆ ಬಂದು ರೆಡೌಟನ್ನು ಹಿಡಿದು ಕೂತರು. ಬೇರೆ ಕಡೆಗಳಲ್ಲಿ ಹೆಚ್ಚಿನ ಕಮಾಂಡರ್‌ಗಳು ಆ ದಿನ ಟೈಮ್‌ಟೇಬಲ್ಲನ್ನು ಮುಟ್ಟಲೇ ಇಲ್ಲ.

ಇಲ್ಲಿ ಸಾರ್ಜೆಂಟ್ ಜೇಮ್ಸ್ ಟರ್ನ್‌ಬುಲ್ ಹೆಸರು ಹೇಳಲೇಬೇಕು. 32 ವರ್ಷದ ಗ್ಲಾಸ್ಗೋ ಹುಡುಗ, ರಗ್ಬಿ ಆಟಗಾರ. ರೆಡೌಟಿನ ಒಂದು ಮೂಲೆಯನ್ನು ದಿನವಿಡೀ ಕಾದ. ಜತೆಗಿದ್ದವರು ಸತ್ತರು, ಬದಲಿಗೆ ಬಂದವರೂ ಸತ್ತರು, ಹೀಗೆ ಎಷ್ಟೋ ಸಲ. ಈತ ಮಾತ್ರ ಕೈಬಾಂಬು ಎಸೆಯುತ್ತಾ ಅಲ್ಲೇ ಇದ್ದ. ಸಂಜೆ ಅವನೂ ಹೋದ. ಆಮೇಲೆ ವಿಕ್ಟೋರಿಯಾ ಕ್ರಾಸ್ ಬಂತು. ಅವನ ಸಮಾಧಿ ಅಲ್ಲೇ ಹತ್ತಿರದ ಲಾನ್ಸ್‌ಡೇಲ್ ಸ್ಮಶಾನದಲ್ಲಿದೆ. ‘ನೋಡಿ, ಇದು ಶೌರ್ಯ ಅಲ್ವಾ?’ ಅಂತ ನೀವು ಕೇಳಬಹುದು. ಖಂಡಿತ ಹೌದು. ಆದರೆ ಆ ಶೌರ್ಯ ತೋರಿಸೋಕೆ ಅವನಿಗೆ ಒಂದು ಮೂಲೆ ಸಿಕ್ಕಿತು ಅನ್ನೋದನ್ನು ಮರೀಬೇಡಿ. ಅಂಥದ್ದೇ ಎಷ್ಟು ಜನ ಟರ್ನ್‌ಬುಲ್‌ಗಳು ತಂತಿಯ ಈಚೆಗೇ ಬಿದ್ದರೋ, ಅವರಿಗೆ ಪದಕ ಬರೆಯೋಕೆ ನೋಡಿದವರೂ ಉಳಿಯಲಿಲ್ಲ. ಆ ಒಂದು ದಿನ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು 19,240. ಗಾಯಾಳುಗಳು, ಕಾಣೆಯಾದವರು ಸೇರಿದರೆ 57,470. ‘ಗೆದ್ದ’ 17ನೇ ಬೆಟಾಲಿಯನ್ನಿನದ್ದೇ 400ಕ್ಕೂ ಹೆಚ್ಚು. ಕೂಗಳತೆಯ ಥಿಯೆಪ್‌ವಾಲ್ ಹಳ್ಳಿ ಕೈಗೆ ಬಂದದ್ದು ಸೆಪ್ಟೆಂಬರ್ ಕೊನೆಗೆ.

16ನೇ ಬೆಟಾಲಿಯನ್ನಿನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ನವೆಂಬರ್ 18ರಂದು, ಸೊಮ್ ಕದನ ಅಧಿಕೃತವಾಗಿ ಮುಗಿಯಿತು ಅಂತ ಇತಿಹಾಸದಲ್ಲಿ ಬರೆದಿರುವ ಅದೇ ದಿನ, ಹಿಮ ಬಿದ್ದ ನೆಲದ ಮೇಲೆ ಇನ್ನೊಂದು ದಾಳಿ ಮಾಡಿಸಿದರು. ಅವರಲ್ಲಿ ಒಂದಷ್ಟು ಜನ, ಬಾರ್ಡರ್ ರೆಜಿಮೆಂಟಿನ ಕೆಲವರ ಜತೆ, ಫ್ರಾಂಕ್‌ಫರ್ಟ್ ಟ್ರೆಂಚ್ ಅನ್ನೋ ಜರ್ಮನ್ ಕಂದಕಕ್ಕೆ ನುಗ್ಗಿದರು. ಹಿಂದಿದ್ದವರು ತಲುಪಲಿಲ್ಲ. ಸುತ್ತಲೂ ಶತ್ರು. ಊಟ ಇಲ್ಲ, ನೀರಿಲ್ಲ, ಹಿಮ ಕರಗಿಸಿ ಕುಡಿದರು. ಬಿಡಿಸೋಕೆ ಬಂದ ತುಕಡಿ ದಾರಿಯಲ್ಲೇ ನಾಶವಾಯಿತು. ಹೀಗೆ 25ರವರೆಗೆ. ಕೊನೆಗೆ ಜರ್ಮನ್ನರು ಒಳಗೆ ಬಂದಾಗ ಗಾಯವಿಲ್ಲದೆ ಉಳಿದಿದ್ದವರು 15 ಜನ. ಒಂದು ವಾರ! ಓದುವಾಗ ಮೈ ಜುಮ್ಮೆನ್ನುತ್ತೆ, ನಿಜ. ಆದರೆ ನಮ್ಮನ್ನು ಕಾಡೋದು ಅವರು ಹೇಗೆ ತಡೆದರು ಅನ್ನೋದಕ್ಕಿಂತ, ಅವರನ್ನು ಆ ಹಿಮದಲ್ಲಿ ಅಲ್ಲಿಗೆ ಕಳಿಸಿದ್ದು ಯಾವ ಲೆಕ್ಕದ ಮೇಲೆ ಅನ್ನೋದು. ಶೌರ್ಯ ಅನ್ನೋ ಪದ ಹಾಕಿದ ಕೂಡಲೇ ಆ ಎರಡನೇ ಪ್ರಶ್ನೆ ಮುಚ್ಚಿಹೋಗುತ್ತೆ. ನಮಗೆ ಅನುಮಾನ, ಆ ಪದ ಇಷ್ಟು ಜನಪ್ರಿಯ ಆಗಿರೋದೇ ಅದಕ್ಕೆ.

ಈಗ ಆನೆ. ಈ ರೆಜಿಮೆಂಟಿನ ಬ್ಯಾಡ್ಜಿನಲ್ಲಿ ಒಂದು ಆನೆ ಇತ್ತು, ಅದರ ಜತೆ ‘ಅಸ್ಸಾಯೆ’ ಅನ್ನೋ ಹೆಸರು. 1803ರಲ್ಲಿ ಮರಾಠರ ವಿರುದ್ಧ ನಡೆದ ಯುದ್ಧದ ಗುರುತು. ಅವರ ಯುದ್ಧಗೌರವಗಳ ಪಟ್ಟಿಯಲ್ಲಿ ಇನ್ನೂ ಎರಡು ಹೆಸರಿದ್ದವು: ಮೈಸೂರು, ಶ್ರೀರಂಗಪಟ್ಟಣ. ಹೈದರಾಲಿಯ ಕೈಗೆ 1780ರಲ್ಲಿ ಸೆರೆ ಸಿಕ್ಕು ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷ ಕೊಳೆತು, 1799ರಲ್ಲಿ ಅದೇ ಕೋಟೆಗೆ ನುಗ್ಗಿದ ದಾಳಿಯ ಮುಂದಾಳಾಗಿ ಬಂದ ಡೇವಿಡ್ ಬೇರ್ಡ್ ಕೂಡ ಇದೇ ರೆಜಿಮೆಂಟಿನ ಹಳೇ ರೂಪದಲ್ಲಿ ಅಧಿಕಾರಿಯಾಗಿದ್ದವನು. ಅಂದರೆ ಗ್ಲಾಸ್ಗೋದ ಆ ಕಾಲೇಜು ಹುಡುಗರ ಟೋಪಿಯ ಮೇಲಿದ್ದ ಹೆಮ್ಮೆಯಲ್ಲಿ ಒಂದು ಪಾಲು ನಮ್ಮ ಊರುಗಳ ಸೋಲಿನಿಂದ ಬಂದದ್ದು. ಅದಕ್ಕಾಗಿ ಅವರ ಮೇಲೆ ಸಿಟ್ಟಾಗಬೇಕು ಅಂತ ನಮಗನ್ನಿಸಲ್ಲ. ಹಾಗಂತ ಮರೆತು ಬರೆಯೋದೂ ಸರಿಯಲ್ಲ.

ಇನ್ನೊಬ್ಬ ಬೇರ್ಡ್ ಬಗ್ಗೆ ಒಂದು ಮಾತು. ಅದೇ ಟೆಕ್ನಿಕಲ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿದ್ದ ಜಾನ್ ಲೋಗಿ ಬೇರ್ಡ್ ಕೂಡ ಸೈನ್ಯ ಸೇರಲು ಹೋಗಿದ್ದ. ಆರೋಗ್ಯ ಸರಿಯಿಲ್ಲ ಅಂತ ವಾಪಸ್ ಕಳಿಸಿದರು. ಹೋಗಿ ವಿದ್ಯುತ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ, ಮುಂದೆ 1926ರಲ್ಲಿ ಲಂಡನ್ನಿನಲ್ಲಿ ಟೆಲಿವಿಷನ್ ಮಾಡಿ ತೋರಿಸಿದ. ಫಿಟ್ ಅಂತ ಪಾಸಾದ ಅವನ ಕಾಲೇಜಿನವರು ಏನೇನು ಮಾಡಬಹುದಿತ್ತು ಅನ್ನೋದಕ್ಕೆ ಪಟ್ಟಿ ಇಲ್ಲ. ಆ ಕಾಲೇಜು 1964ರಲ್ಲಿ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯ ಆಯಿತು.

17ನೇ ಬೆಟಾಲಿಯನ್ನಿಗೆ ತನ್ನದೇ ಒಂದು ಪತ್ರಿಕೆಯೂ ಇತ್ತು, ‘ದಿ ಔಟ್‌ಪೋಸ್ಟ್’ ಅಂತ. ಕಾಲೇಜು, ಆಫೀಸಿನ ಹುಡುಗರಲ್ವಾ, ಬರೆಯೋ ಚಟ ಯುದ್ಧದಲ್ಲೂ ಬಿಡಲಿಲ್ಲ. ಇಂಥದ್ದೇ ಒಂದು ಪತ್ರಿಕೆ ನಡೆಸೋ ನಮಗೆ ಈ ವಿಷಯ ತಿಳಿದಾಗ ಆದ ಸಂಕಟವೇ ಈ ಲೇಖನಕ್ಕೆ ಅರ್ಧ ಕಾರಣ. ಸೊಮ್ ನಂತರ ಖಾಲಿಯಾದ ಜಾಗಗಳಿಗೆ ಎಲ್ಲೆಲ್ಲಿಂದಲೋ ಜನ ಬಂದರು, ಕಡ್ಡಾಯವಾಗಿ ಕರೆತಂದವರೂ ಸೇರಿ. ಕೊನೆಗೆ 1918ರ ಫೆಬ್ರವರಿಯಲ್ಲಿ, ಸೈನಿಕರ ಕೊರತೆಯಿಂದ ಬ್ರಿಗೇಡಿಗೆ ನಾಲ್ಕರ ಬದಲು ಮೂರೇ ಬೆಟಾಲಿಯನ್ ಸಾಕು ಅಂತ ತೀರ್ಮಾನವಾದಾಗ, 17ನೇ ಎಚ್‌ಎಲ್‌ಐಯನ್ನು ವಿಸರ್ಜಿಸಿದರು. ಜತೆಯಲ್ಲೇ ಇರುತ್ತೀರಿ ಅನ್ನೋ ಮಾತಿನ ಮೇಲೆ ಬಂದವರಲ್ಲಿ ಉಳಿದಿದ್ದವರನ್ನು ಬೇರೆ ಬೇರೆ ತುಕಡಿಗಳಿಗೆ ಹಂಚಿ ಕಳಿಸಿದರು.