ಹೆರಿಗೆ ರಜೆ ಮುಗಿದ ಮೇಲಿನ ಲೆಕ್ಕ

ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿದ್ದು 2017ರಲ್ಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮೊದಲ ಎರಡು ಮಕ್ಕಳಿಗೆ ಅಷ್ಟೇ ಇದೆ. ಆದರೆ ನಾನು ಕಂಡಂತೆ ಮುಂಬಯಿಯ ನಮ್ಮ ಹೆಣ್ಣುಮಕ್ಕಳು ರಾಜೀನಾಮೆ ಬರೆಯುವುದು ರಜೆಯ ನಡುವೆ ಅಲ್ಲ, ಅದು ಮುಗಿದ ಮೊದಲ ಎರಡು ಮೂರು ತಿಂಗಳಲ್ಲಿ. ಬಾಣಂತನಕ್ಕೆ ಬಂದ ತಾಯಿ ಊರಿಗೆ ಮರಳಿರುತ್ತಾರೆ. ಮಗು ಪಾಳ್ನಾಘರಕ್ಕೆ ಹೊಂದಿಕೊಂಡಿರುವುದಿಲ್ಲ. ಡೊಂಬಿವಲಿಯಿಂದ ಫೋರ್ಟಿಗೆ ಲೋಕಲ್ ಪ್ರಯಾಣ ಬೇರೆ.

ಇಲ್ಲಿ ನೆರವಿಗೆ ಬರಬೇಕಾದದ್ದು ಖಾತೆಯಲ್ಲಿ ಉಳಿದ ಗಳಿಕೆ ರಜೆ. ಹಲವರು ಅದನ್ನು ಹೆರಿಗೆ ರಜೆಯ ಬೆನ್ನಿಗೇ ಒಟ್ಟಾಗಿ ಜೋಡಿಸುತ್ತಾರೆ, ಇಲ್ಲವೇ ನಗದೀಕರಣದ ಆಸೆಗೆ ಮುಟ್ಟುವುದೇ ಇಲ್ಲ. 24 ದಿನ ಇದೆ ಎನ್ನಿ. ವಾರಕ್ಕೆ 6 ದಿನ ಕೆಲಸವಿರುವಲ್ಲಿ ಒಟ್ಟಿಗೆ ಹಾಕಿದರೆ 4 ವಾರ, ಮತ್ತೆ ಅದೇ ಪಾಡು. 4 ದಿನ ಮಗುವಿನ ಜ್ವರಕ್ಕೆಂದು ತೆಗೆದಿಟ್ಟು ಉಳಿದದ್ದನ್ನು ವಾರಕ್ಕೆ 2ರಂತೆ ಹಾಕಿದರೆ 10 ವಾರ ಬರುತ್ತದೆ.

ತೊಡಕೂ ಉಂಟು. ಹೆರಿಗೆ ರಜೆ ಹಕ್ಕು. ಗಳಿಕೆ ರಜೆಯ ದಿನ ಮಾತ್ರ ಮೇಲಧಿಕಾರಿಯ ಮಂಜೂರಾತಿಗೆ ಬಿಟ್ಟದ್ದು. ಕೆಲವೆಡೆ ವರ್ಷಕ್ಕೆ ಇಷ್ಟೇ ಸಲ ಎಂಬ ಮಿತಿಯಿದೆ. ಆದ್ದರಿಂದ ನಿಯಮ ಕೇಳಿಕೊಂಡು, ಹಾಜರಾಗುವ ತಿಂಗಳ ಮೊದಲೇ ತಾರೀಕು ಸಹಿತ ಅರ್ಜಿ ಕೊಟ್ಟು, ಪ್ರತಿಗೆ ಸಹಿ ಪಡೆಯಿರಿ. ಶನಿವಾರ, ಸೋಮವಾರ ಎರಡೂ ಹಾಕಿದರೆ ನಡುವಿನ ಭಾನುವಾರವನ್ನೂ ಕೆಲವು ಕಚೇರಿಗಳು ರಜೆಯಲ್ಲಿ ಕಳೆಯುತ್ತವೆ. ಬುಧವಾರ, ಗುರುವಾರವೇ ವಾಸಿ.