ಹಾಡುವುದನ್ನು ಬಿಡದ ಮೇಷ್ಟ್ರು

ಶಿಕ್ಷಕರನ್ನು ತಯಾರು ಮಾಡುವವರು ತಾವೂ ಮಕ್ಕಳಿಗೆ ಪಾಠ ಮಾಡುವುದನ್ನು ನಿಲ್ಲಿಸಬಾರದು. ಇದು ನನ್ನ ಖಚಿತ ಅಭಿಪ್ರಾಯ. ಅದನ್ನು ವಿವರಿಸಲು ನಮ್ಮ ಕ್ಷೇತ್ರಕ್ಕೆ ದೂರವೆನಿಸುವ ಒಬ್ಬರ ವೃತ್ತಿಜೀವನವನ್ನು ಇಲ್ಲಿ ನೆನೆಯುತ್ತೇನೆ. ಅವರು ಇಂಗ್ಲೆಂಡಿನ ಟೆನರ್ ಗಾಯಕ ಪೀಟರ್ ಪಿಯರ್ಸ್ (1910–1986). ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಗಂಡು ಕಂಠಗಳನ್ನು ಅವು ಸಲೀಸಾಗಿ ಮುಟ್ಟುವ ಸ್ವರಗಳ ಎತ್ತರ ನೋಡಿ ವಿಂಗಡಿಸುತ್ತಾರೆ. ಸಾಮಾನ್ಯವಾಗಿ ಮೇಲಿನದು ಟೆನರ್, ನಡುವಿನದು ಬ್ಯಾರಿಟೋನ್, ಕೆಳಗಿನದು ಬಾಸ್.

ಪಿಯರ್ಸ್ ಗಾಯಕರಾಗುವ ಮೊದಲು ಶಾಲಾ ಮೇಷ್ಟ್ರಾಗಿದ್ದರು. ಆಕ್ಸ್‌ಫರ್ಡ್‌ನ ಓದನ್ನು ಪದವಿ ಪಡೆಯದೆ ಬಿಟ್ಟು, ತಾವು ಬಾಲ್ಯದಲ್ಲಿ ಕಲಿತ ಶಾಲೆಯಲ್ಲೇ ಕಲಿಸಿದರು. ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದರು. ಅದನ್ನೂ ಪೂರ್ತಿ ಮಾಡದೆ ಬಿಬಿಸಿಯ ವೃಂದಗಾಯನ ತಂಡಕ್ಕೆ ಹೋದರು. 1939ರಲ್ಲಿ ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್ ಜೊತೆ ಅಮೆರಿಕಕ್ಕೆ ಹೋದಾಗ ಅವರು ಆಗಲೇ ವೃತ್ತಿಪರ ಗಾಯಕ. ಆದರೂ ಅಲ್ಲಿ ಮತ್ತೆ ಗುರುಗಳನ್ನು ಹುಡುಕಿಕೊಂಡು ಕಂಠಪಾಠಕ್ಕೆ ಕುಳಿತರು. 1945ರಲ್ಲಿ ಬ್ರಿಟನ್ನರ ‘ಪೀಟರ್ ಗ್ರೈಮ್ಸ್’ ಒಪೆರಾದ ಮುಖ್ಯ ಪಾತ್ರ, 1962ರಲ್ಲಿ ‘ವಾರ್ ರಿಕ್ವಿಯಂ’, 1973ರಲ್ಲಿ ‘ಡೆತ್ ಇನ್ ವೆನಿಸ್’ – ಇವೆಲ್ಲದರ ಮೊದಲ ಪ್ರದರ್ಶನದಲ್ಲಿ ಹಾಡಿದವರು ಅವರೇ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ಬಾರಿ ಹಾಡಿದಾಗ ಅವರಿಗೆ 64 ವರ್ಷ.

ಅವರದು ಸಭಾಂಗಣ ನಡುಗಿಸುವಂಥ ದೊಡ್ಡ ಕಂಠವಲ್ಲ. ಅವರ ಬಲ ಇದ್ದದ್ದು ಮಾತಿನ ಸ್ಪಷ್ಟತೆಯಲ್ಲಿ. ಬಾಖ್‌ನ ‘ಪ್ಯಾಷನ್’ ಕೃತಿಗಳಲ್ಲಿ ಕಥೆ ನಿರೂಪಿಸುವ ‘ಇವ್ಯಾಂಜಲಿಸ್ಟ್’ ಪಾತ್ರಕ್ಕೆ ಅವರು ಹೆಸರಾಗಿದ್ದರು. ಮಾತಿಗೆ ಹತ್ತಿರವಾದ ಗಾಯನದಲ್ಲಿ, ಒಂದೊಂದು ಶಬ್ದವನ್ನೂ ಕೇಳುಗರಿಗೆ ಮುಟ್ಟಿಸುತ್ತಾ ಕಥೆ ಹೇಳುವ ಕೆಲಸ ಅದು. ತರಗತಿಯಲ್ಲಿ ನಿಂತವರಿಗೆ ಈ ಕೆಲಸದ ಕಷ್ಟ ಗೊತ್ತು.

1948ರಲ್ಲಿ ಬ್ರಿಟನ್ ಮತ್ತು ಪಿಯರ್ಸ್ ಸಂಗಡಿಗರೊಂದಿಗೆ ಆಲ್ಡ್‌ಬರೋ ಎಂಬ ಕಡಲತಡಿಯ ಊರಲ್ಲಿ ಸಂಗೀತೋತ್ಸವ ಆರಂಭಿಸಿದರು. 1970ರ ದಶಕದಲ್ಲಿ ಅದರ ಮಗ್ಗುಲಲ್ಲೇ, ಸ್ನೇಪ್ ಎಂಬಲ್ಲಿ, ಯುವ ಗಾಯಕರಿಗಾಗಿ ಶಾಲೆಯೊಂದು ಬೆಳೆಯಿತು. ಪಿಯರ್ಸ್ ಅಲ್ಲಿ ಕಲಿಸುತ್ತಲೂ ಇದ್ದರು, ವೇದಿಕೆಯಲ್ಲಿ ಹಾಡುತ್ತಲೂ ಇದ್ದರು. 1980ರ ಕೊನೆಯಲ್ಲಿ ಪಾರ್ಶ್ವವಾಯು ಬಡಿದು ಹಾಡುಗಾರಿಕೆ ನಿಂತಿತು. ಕಲಿಸುವುದು ಮಾತ್ರ 1986ರಲ್ಲಿ ತೀರಿಕೊಳ್ಳುವವರೆಗೂ ನಡೆಯಿತು.

ಈ ಜೀವನದಿಂದ ನಾನು ಎರಡು ಮಾತು ಎತ್ತಿಕೊಳ್ಳುತ್ತೇನೆ.

ಮೊದಲನೆಯದು, ಹಾಡುತ್ತಿರುವ ಗುರುವಿನ ತಿದ್ದುಪಡಿಗೆ ಇರುವ ತೂಕ. ಉಸಿರು ಎಲ್ಲಿ ಸಾಲದಾಗುತ್ತದೆ, ಗಂಟಲು ಎಲ್ಲಿ ಬಿಗಿಯುತ್ತದೆ ಎಂಬುದು ಆತನಿಗೆ ಹಳೆಯ ನೆನಪಲ್ಲ, ನಿನ್ನೆ ಸಂಜೆಯ ಅನುಭವ. ನಮ್ಮ ವೃತ್ತಿಯಲ್ಲಿ ಇದಕ್ಕೆ ವಿರುದ್ಧವಾದ ರೂಢಿಯಿದೆ. ಬೋಧಕರು ಕೊನೆಯ ಬೆಂಚಿನಲ್ಲಿ ಕುಳಿತು ವೀಕ್ಷಣಾ ಪುಸ್ತಕದಲ್ಲಿ ‘ಕಪ್ಪುಹಲಗೆ ಬಳಕೆ ಉತ್ತಮ, ಪ್ರಶ್ನೆಗಳು ಸಾಲದು’ ಎಂದು ಬರೆಯುತ್ತಾರೆ. ಪ್ರಶ್ನೆ ಯಾಕೆ ಸಾಲದಾಯಿತು, ಆ ಗಳಿಗೆಯಲ್ಲಿ ಏನು ಕೇಳಬಹುದಿತ್ತು ಎಂದು ತಾವೇ ಎದ್ದು ತೋರಿಸುವುದು ಅಪರೂಪ.

ಗಣಿತ ಬೋಧನಾ ವಿಧಾನ ಕಲಿಸುವ ನಾನು ಪ್ರತಿವರ್ಷ ಎರಡು ವಾರ ಅಭ್ಯಾಸ ಶಾಲೆಯ ಆರನೇ ತರಗತಿಗೆ ಭಿನ್ನರಾಶಿ ಕಲಿಸುತ್ತೇನೆ. ಪ್ರಶಿಕ್ಷಣಾರ್ಥಿಗಳು ಹಿಂದೆ ಕುಳಿತು ನನ್ನ ಪಾಠವನ್ನು ವೀಕ್ಷಿಸಿ ಬರೆಯುತ್ತಾರೆ. ಮೂರನೇ ಒಂದು, ನಾಲ್ಕನೇ ಒಂದು ಕೂಡಿದರೆ ಏಳನೇ ಎರಡು ಎನ್ನುವ ಮಗು ಪ್ರತಿವರ್ಷವೂ ಸಿಗುತ್ತದೆ. ಆ ಉತ್ತರ ಮೂರನೇ ಒಂದಕ್ಕಿಂತಲೂ ಚಿಕ್ಕದು ಎಂದು ಮಗುವೇ ಕಾಗದ ಮಡಿಸಿ ಕಾಣುವವರೆಗೆ ಕಾಯಬೇಕಾಗುತ್ತದೆ. ಗಂಟೆ ಹೊಡೆಯುವುದರೊಳಗೆ ಪಾಠ ಯೋಜನೆಯ ಅರ್ಧ ಉಳಿದಿರುತ್ತದೆ. ಆಮೇಲಿನ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿಗಳು ಕೇಳುವ ‘ಮೇಡಂ, ಯೋಜನೆ ಮುಗಿಸುವುದು ಮುಖ್ಯವಲ್ಲವೇ?’ ಎಂಬ ಪ್ರಶ್ನೆ ಯಾವ ಉಪನ್ಯಾಸದಿಂದಲೂ ಹುಟ್ಟುವಂಥದ್ದಲ್ಲ.

ಎರಡನೆಯದು, ತೋರಿಸುವುದೆಂದರೆ ಅನುಕರಣೆ ಮಾಡಿಸುವುದಲ್ಲ. ನಮ್ಮ ಸಂಗೀತದಲ್ಲಿ ಗುರು ಹಾಡಿದ ಸಾಲನ್ನು ಶಿಷ್ಯ ತಿರುಗಿ ಹಾಡುತ್ತಾನೆ. ಟೆನರ್ ಗುರುವಿನ ಮುಂದೆ ಬಾಸ್ ಕಂಠದ ಹುಡುಗನೋ ಸೊಪ್ರಾನೊ ಕಂಠದ ಹುಡುಗಿಯೋ ನಿಂತರೆ ಕಂಠದ ನಕಲು ಸಾಧ್ಯವೇ ಇಲ್ಲ. ಆಗ ಗುರುವಿನ ಬಾಯಿಗಿಂತ ಕಿವಿಗೆ ಹೆಚ್ಚು ಕೆಲಸ. ಪಿಯರ್ಸ್ ಕೊನೆಯ ವರ್ಷಗಳಲ್ಲಿ ಕಲಿಸಲು ಸಾಧ್ಯವಾದದ್ದು ಇದರಿಂದಲೇ ಎಂದು ನನ್ನ ನಂಬಿಕೆ. ದಶಕಗಳ ಹಾಡುಗಾರಿಕೆ ಕಿವಿಯನ್ನು ಪಳಗಿಸಿತ್ತು.

ಚೆನ್ನಾಗಿ ಹಾಡುವವರೆಲ್ಲ ಚೆನ್ನಾಗಿ ಕಲಿಸುತ್ತಾರೆಯೇ ಎಂಬ ಆಕ್ಷೇಪ ಸರಿಯಾದದ್ದೇ. ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಹೆಸರಿನ ತಂದೆ-ಮಗ ಇಬ್ಬರಿದ್ದರು. ತಂದೆ 1816ರಲ್ಲಿ ರೊಸ್ಸೀನಿಯ ‘ಬಾರ್ಬರ್ ಆಫ್ ಸೆವಿಲ್’ ಒಪೆರಾದ ಮೊದಲ ಪ್ರದರ್ಶನದಲ್ಲಿ ಹಾಡಿದ ಪ್ರಸಿದ್ಧ ಟೆನರ್. ಬ್ಯಾರಿಟೋನ್ ಆಗಿದ್ದ ಮಗ ವೇದಿಕೆಯನ್ನು ಬೇಗನೆ ಬಿಟ್ಟರು. ಆದರೂ 19ನೇ ಶತಮಾನದ ಅತಿ ದೊಡ್ಡ ಕಂಠಗುರುಗಳಲ್ಲಿ ಒಬ್ಬರೆನಿಸಿದವರು ಆ ಮಗನೇ. ದಣಿದ ಕಂಠದೊಂದಿಗೆ ಬಂದ ಜೆನ್ನಿ ಲಿಂಡ್‌ಗೆ ಅವರು ಮೊದಲು ಹೇಳಿದ್ದು ಹಾಡದೆ ವಿಶ್ರಾಂತಿ ತೆಗೆದುಕೊಳ್ಳಲು. 1854ರಲ್ಲಿ ಪುಟ್ಟ ಕನ್ನಡಿಗಳ ನೆರವಿನಿಂದ ಧ್ವನಿಪೆಟ್ಟಿಗೆಯ ಚಲನೆಯನ್ನು ಕಂಡಾಗ, ಅವರು ನೋಡಿದ್ದು ತಮ್ಮದೇ ಗಂಟಲನ್ನು. ವೇದಿಕೆ ಬಿಟ್ಟಿದ್ದರೂ ತಮ್ಮ ಕಂಠವನ್ನೇ ಪರೀಕ್ಷೆಗೆ ಒಡ್ಡುವುದನ್ನು ಅವರು ಬಿಟ್ಟಿರಲಿಲ್ಲ. ನಾನು ಬೋಧಕರಿಂದ ಕೇಳುವುದೂ ಇಷ್ಟೇ. ಅವರ ಪಾಠ ಅತ್ಯುತ್ತಮವಾಗಿರಬೇಕಿಲ್ಲ, ಪರೀಕ್ಷೆಗೆ ತೆರೆದಿರಬೇಕು.

ಸಮಯವೆಲ್ಲಿದೆ ಎಂಬುದು ಇನ್ನೊಂದು ಆಕ್ಷೇಪ. ಇದ್ದ ಸಮಯವನ್ನು ಹೇಗೆ ಬಳಸುತ್ತೇವೆ ನೋಡೋಣ. ಕಂಠ ಕಲಿಸುವ ಮಾಸ್ಟರ್‌ಕ್ಲಾಸಿನಲ್ಲಿ ಒಬ್ಬ ವಿದ್ಯಾರ್ಥಿ ಉಳಿದವರ ಎದುರು ಹಾಡುತ್ತಾನೆ. ಗುರು ನಡುವೆ ನಿಲ್ಲಿಸಿ, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸುತ್ತಾರೆ. ಕೇಳುತ್ತಿರುವ ಎಲ್ಲರೂ ಕಲಿಯುತ್ತಾರೆ. ನಮ್ಮ ಸೂಕ್ಷ್ಮ ಬೋಧನೆಯ ಆವರ್ತವೂ ಇಂಥದ್ದೇ. 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಪುನರ್ಬೋಧನೆ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಒಟ್ಟು 36 ನಿಮಿಷ. ಅವಸರವಾದಾಗ ಮೊದಲು ಕೈಬಿಟ್ಟುಹೋಗುವುದು ಪುನರ್ಬೋಧನೆ. ಅದೇ ಈ ಆವರ್ತದ ಜೀವ. ಎರಡನೇ ಸಲ ಹಾಡಿಸದೆ ಹಾಡು ತಿದ್ದಿದೆವು ಎನ್ನುವ ಗುರು ಯಾರಿದ್ದಾರೆ?

ಆದ್ದರಿಂದ ನನ್ನ ಸಲಹೆಗಳು ಚಿಕ್ಕವು. ಪ್ರತಿಯೊಬ್ಬ ಬೋಧಕರೂ ವರ್ಷದಲ್ಲಿ ಕೆಲವು ದಿನವಾದರೂ ನಿಜವಾದ ತರಗತಿಯೊಂದಕ್ಕೆ, ಮೊದಲೇ ಸಜ್ಜುಗೊಳಿಸದ ಮಕ್ಕಳಿಗೆ, ಒಂದು ಘಟಕ ಕಲಿಸಲಿ. ಆ ಪಾಠದ ವೀಕ್ಷಣಾ ಪುಸ್ತಕವನ್ನು ಪ್ರಶಿಕ್ಷಣಾರ್ಥಿಗಳು ಬರೆಯಲಿ, ಚರ್ಚೆ ಮುಕ್ತವಾಗಿ ನಡೆಯಲಿ. ಸೂಕ್ಷ್ಮ ಬೋಧನೆಯಲ್ಲಿ ಕೌಶಲಗಳ ಸಂಖ್ಯೆ ಕಡಿಮೆಯಾದರೂ ಸರಿ, ಪುನರ್ಬೋಧನೆ ತಪ್ಪದಿರಲಿ.

ಪ್ರಶಿಕ್ಷಣಾರ್ಥಿ ಮಿತ್ರರಿಗೂ ಒಂದು ಮಾತು. ನಿಮ್ಮ ಬೋಧಕರನ್ನು ‘ಸರ್, ಈ ಪಾಠವನ್ನು ನೀವೊಮ್ಮೆ ಮಾಡಿ ತೋರಿಸುವಿರಾ?’ ಎಂದು ಕೇಳಲು ಹಿಂಜರಿಯಬೇಡಿ. ಅದು ಅಗೌರವವಲ್ಲ. ಅವರು ಮಾಡಿ ತೋರಿಸಿದ ಮೇಲೆ ಆ ಪಾಠವನ್ನು ನಕಲು ಮಾಡಬೇಡಿ. ನಿಮ್ಮ ಕಂಠ ಬೇರೆ, ನಿಮ್ಮ ಮಕ್ಕಳು ಬೇರೆ.